ನನ್ನ ದವಡೆ ಹಲ್ಲು ಮತ್ತು ದೇಶದ ಆರೋಗ್ಯ ಮಸೂದೆ

ಬೇರೆಯವರ ದೇಹದ ವಿಷಯದಲ್ಲಿ ನಾನು ಬಹಳ ಧೈರ್ಯಸ್ಥ. ಪಕ್ಕದ ಮನೆಯವರ ಕೆಮ್ಮು ಎರಡು ದಿನ ನಿಲ್ಲದಿದ್ದರೆ, ಕಾಂಪೌಂಡಿನ ಮೇಲೆ ಕತ್ತು ಚಾಚಿ ‘ಮೊದಲು ಡಾಕ್ಟರಿಗೆ ತೋರಿಸಿ’ ಎಂದು ಗದರುವವನು ನಾನೇ. ಸಹೋದ್ಯೋಗಿಗಳ ಸಕ್ಕರೆ, ಬಿ.ಪಿ., ಮಂಡಿನೋವು ಎಲ್ಲಕ್ಕೂ ನನ್ನಲ್ಲಿ ಸಲಹೆ ಸಿದ್ಧವಾಗಿರುತ್ತದೆ. ನನ್ನ ದೇಹದ ಪ್ರಶ್ನೆ ಬಂದಾಗ ಮಾತ್ರ ‘ನೋಡೋಣ’ ಎನ್ನುತ್ತೇನೆ. ಅದರಲ್ಲೂ ಹಲ್ಲಿನ ಡಾಕ್ಟರೆಂದರೆ ಚಿಕ್ಕಂದಿನಿಂದಲೂ ನಡುಕ. ಹಿಂದಕ್ಕೆ ವಾಲುವ ಕುರ್ಚಿಯನ್ನು ನಾನು ಕಟಿಂಗ್ ಶಾಪಿನಲ್ಲೂ ನಂಬುವವನಲ್ಲ.

ಇಂಥ ನಾನು ದೇಶದ ಆರೋಗ್ಯ ಮಸೂದೆಯ ಪರವಾಗಿ ಭಾಷಣ ಮಾಡಲು ಒಪ್ಪಿಕೊಂಡೆ. ಚಿಕಿತ್ಸೆ ಎಲ್ಲರ ಹಕ್ಕಾಗಬೇಕೆನ್ನುವ ಮಸೂದೆ ದೆಹಲಿಯಲ್ಲಿ ಚರ್ಚೆಗೆ ಬಂದದ್ದೇ ತಡ, ಅರಸೀಕೆರೆಯಲ್ಲಿ ಅದರ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯನೇ ಉಳಿಯಲಿಲ್ಲ. ಕೊಬ್ಬರಿ ಮಂಡಿಯಲ್ಲಿ ಪರ, ಬಸ್ ಸ್ಟ್ಯಾಂಡಿನಲ್ಲಿ ವಿರೋಧ, ಬಾಣಾವರದ ಕಡೆಯಿಂದ ಬರುವ ರೈಲಿನಲ್ಲಿ ಒಂದೇ ಸೀಟಿನ ಮೇಲೆ ಎರಡೂ. ಮಸೂದೆಯನ್ನು ಯಾರೂ ಓದಿರಲಿಲ್ಲವಾದ್ದರಿಂದ ಚರ್ಚೆಗೆ ಯಾವ ಅಡ್ಡಿಯೂ ಇರಲಿಲ್ಲ. ನಮ್ಮ ಬಡಾವಣೆಯ ಗೆಳೆಯರ ಬಳಗದವರು ಭಾನುವಾರಕ್ಕೆ ಸಭೆ ಇಟ್ಟರು. ಪರವಾಗಿ, ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಹೇಳುವ ನಾನು. ವಿರೋಧವಾಗಿ, ಬಾಣಾವರದಲ್ಲಿ ತೆಂಗಿನ ತೋಟ ನೋಡಿಕೊಂಡಿರುವ ನನ್ನ ಭಾಮೈದ ರುದ್ರೇಶ. ಅಧ್ಯಕ್ಷತೆಗೆ ಹಲ್ಲಿನ ಡಾಕ್ಟರ್ ಶ್ವೇತಾ, ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿನಿ. ಮಂಗಳವಾರವೇ ನಾನು ಆರು ಹಾಳೆ ಭಾಷಣ ಬರೆದು ಮುಗಿಸಿ, ಹೆಂಡತಿ ಗಿರಿಜಾಗೆ ಎರಡು ಸಲ ಓದಿ ಹೇಳಿದೆ. ಎರಡನೇ ಸಲಕ್ಕೆ ಅವಳು ಮಿಕ್ಸಿ ಹಾಕಿದಳು.

ಗುರುವಾರ ಸಂಜೆ ರುದ್ರೇಶ ಅಟ್ಟದಿಂದ ಆಗಷ್ಟೇ ಇಳಿಸಿದ ಕೊಬ್ಬರಿಯನ್ನು ಚೀಲದಲ್ಲಿ ತುಂಬಿಕೊಂಡು ಬಂದ. ನಮ್ಮ ಕಡೆ ತೋಟದವರು ಕೊಬ್ಬರಿ ತಂದುಕೊಟ್ಟರೆ ಸುಮ್ಮನೆ ಒಳಗಿಡುವಂತಿಲ್ಲ. ಅವರ ಎದುರಿಗೇ ಒಂದು ಚೂರು ಬಾಯಿಗೆ ಹಾಕಿಕೊಂಡು, ಕಣ್ಣು ಅರೆ ಮುಚ್ಚಿ, ತಲೆದೂಗಬೇಕು. ಗಿರಿಜಾ ಹೆಚ್ಚಿ ಕೊಡಲು ಚಾಕು ಹುಡುಕುತ್ತಿದ್ದಳು. ಅಷ್ಟರಲ್ಲಿ ನಮ್ಮಿಬ್ಬರ ಚರ್ಚೆ ಶುರುವಾಗಿತ್ತು.

‘ಕಾನೂನು ಪಾಸಾದ್ ಮಾತ್ರಕ್ಕೆ ಡಾಕ್ಟ್ರು ಹಳ್ಳಿಗ್ ಬತ್ತಾರಾ ಭಾವ? ಮೊದ್ಲು ಆಸ್ಪತ್ರೆ ಕಟ್ಲಿ, ಆಮೇಲ್ ಹಕ್ಕು ಕೊಡ್ಲಿ.’

‘ಹಕ್ಕಿದ್ರೆ ತಾನೇ ಆಸ್ಪತ್ರೆ ಕಟ್ಟಿ ಅಂತ ಕೇಳೋದು!’ ಎಂದು ಗುಡುಗಿ, ಅದೇ ಆವೇಶದಲ್ಲಿ, ಚಾಕುವಿಗೂ ಕಾಯದೆ ಇಡೀ ಹೋಳನ್ನೇ ದವಡೆಗೆ ಕೊಟ್ಟು ಕಚ್ಚಿದೆ. ‘ಕಟ್’ ಎಂದಿತು. ಮುರಿದದ್ದು ಕೊಬ್ಬರಿಯಲ್ಲ.

‘ಚೆನ್ನಾಗ್ ಒಣಗೈತಾ ಭಾವ?’ ಎಂದು ರುದ್ರೇಶ ಆಸೆಯಿಂದ ಕೇಳಿದ. ನಾನು ತಲೆದೂಗಿದೆ. ‘ನೋಡಕ್ಕ, ಭಾವನ್ ಕಣ್ಣಲ್ಲಿ ನೀರೇ ಬಂತು, ಅಂಥಾ ರುಚಿ!’ ಎಂದು ಅವನು ಹಿಗ್ಗಿದ. ಇನ್ನು ನಿಜ ಹೇಳುವುದು ಹೇಗೆ? ಹೇಳಿದರೆ ಹೆಂಡತಿಯ ತವರಿನ ಕೊಬ್ಬರಿಗೆ ಅವಮಾನ. ಅದಕ್ಕಿಂತ ಹೆಚ್ಚಾಗಿ, ಗಿರಿಜಾ ನನ್ನನ್ನು ನಿಂತ ಕಾಲಿನಲ್ಲೇ ಶ್ವೇತಾಳ ಕ್ಲಿನಿಕ್ಕಿಗೆ ಎಳೆದೊಯ್ಯುತ್ತಾಳೆ. ಭಾನುವಾರದವರೆಗೆ ಹೇಗಾದರೂ ಬಚ್ಚಿಟ್ಟರೆ ಆಮೇಲೆ ನೋಡೋಣ ಎಂದುಕೊಂಡೆ.

ಶುಕ್ರವಾರ ಲವಂಗದ ಮೇಲೆ ಬದುಕಿದೆ. ಶನಿವಾರ ಕೆನ್ನೆ ಊದಿಕೊಂಡಿತು. ಬೀರುವಿನಿಂದ ಮಫ್ಲರ್ ತೆಗೆದು, ಗಾಳಿ ಸರಿಯಿಲ್ಲ ಎಂದು ಸನ್ನೆ ಮಾಡಿ ಸುತ್ತಿಕೊಂಡೆ. ‘ಎರಡು ದಿನದಿಂದ ಮಸೂದೆ ಸುದ್ದೀನೇ ಇಲ್ವಲ್ಲ, ಪಾಸಾಗೋಯ್ತೇನ್ರೀ?’ ಎಂದಳು ಗಿರಿಜಾ. ಭಾಷಣಕ್ಕೆ ಧ್ವನಿ ಉಳಿಸುತ್ತಿದ್ದೇನೆ ಎಂದು ಚೀಟಿಯಲ್ಲಿ ಬರೆದು ತೋರಿಸಿದೆ. ಮದುವೆಯಾದಾಗಿನಿಂದ ಅವಳು ಅಷ್ಟು ನೆಮ್ಮದಿಯಾಗಿ ಇದ್ದದ್ದನ್ನು ನಾನು ಕಂಡಿರಲಿಲ್ಲ.

ಭಾನುವಾರ ಸಭಾಂಗಣ ತುಂಬಿತ್ತು. ನನ್ನ ಹೆಸರು ಕರೆದರು. ಮೈಕಿನ ಮುಂದೆ ನಿಂತು ‘ಮಾನ್ಯ ಅಧ್ಯಕ್ಷರೇ’ ಎನ್ನಲು ಬಾಯಿ ತೆಗೆದೆ. ‘ಮಾ’ ಮಾತ್ರ ಹೊರಬಂತು, ಅದೂ ಕರು ಕೂಗಿದ ಹಾಗೆ. ಸಭೆ ಕಾಯಿತು. ನನಗೆ ಅಳುವೇ ಬಂದಂತಾಯಿತು. ಆಗ ಎದುರಾಳಿಯ ಕುರ್ಚಿಯಿಂದ ರುದ್ರೇಶ ಎದ್ದು ಬಂದ. ‘ಭಾವನ್ ಗಂಟ್ಲು ಕಟ್ಟೈತೆ. ಬರ್ದಿರೋದು ವ್ಯರ್ಥ ಆಗ್ಬಾರ್ದು, ನಾನೇ ಓದ್ತೀನಿ’ ಎಂದು ನನ್ನ ಹಾಳೆಗಳನ್ನು ತೆಗೆದುಕೊಂಡ. ಅವನನ್ನು ಅಲ್ಲೇ ತಬ್ಬಿಕೊಳ್ಳಬೇಕೆನಿಸಿತು.

ಏನು ಓದಿದನೆನ್ನುತ್ತೀರಿ! ನನ್ನ ಭಾಷಣ ಅಷ್ಟು ಚೆನ್ನಾಗಿದೆಯೆಂದು ನನಗೇ ಗೊತ್ತಿರಲಿಲ್ಲ. ಎರಡು ಸಲ ಚಪ್ಪಾಳೆ ಬಿತ್ತು. ನಾಲ್ಕನೇ ಹಾಳೆಗೆ ಬಂದ. ‘ಹಲ್ಲು ನೋವು ಬಂದ ಬಡವ ಬಾಯಲ್ಲಿ ಲವಂಗ ಇಟ್ಟುಕೊಂಡು, ಕೆನ್ನೆಗೆ ಬಟ್ಟೆ ಸುತ್ತಿಕೊಂಡು, ಯಾರಿಗೂ ಹೇಳದೆ ಮೂಲೆಯಲ್ಲಿ ಕೂರುವ ಕಾಲ...’ ಅಲ್ಲಿಗೆ ನಿಲ್ಲಿಸಿದ. ಹಾಳೆ ನೋಡಿದ, ನನ್ನ ಮಫ್ಲರ್ ನೋಡಿದ. ಅವನ ಜೊತೆ ಇಡೀ ಸಭೆ ನೋಡಿತು. ಹೆಂಗಸರ ಸಾಲಿನಲ್ಲಿ ಗಿರಿಜಾ ನಿಧಾನವಾಗಿ ಎದ್ದು ನಿಂತಳು.

‘ಕೊಬ್ಬರೀನಾ ಭಾವ?’ ಎಂದು ರುದ್ರೇಶ ಮೈಕಿನಲ್ಲೇ ಕೇಳಿದ. ನಾನು ತಲೆ ತಗ್ಗಿಸಿದೆ. ಅವನು ಸಭೆಯ ಕಡೆ ತಿರುಗಿದ. ‘ಡಾಕ್ಟ್ರಿಲ್ಲ, ಆಸ್ಪತ್ರೆ ಇಲ್ಲ, ಬರೀ ಕಾನೂನು ಯಾಕೆ ಅಂತ ಹೇಳೋಕ್ ಬಂದಿದ್ದೆ ಕಣ್ರೀ. ಈಗ್ ನೋಡಿ, ಕ್ಲಿನಿಕ್ ಐತೆ, ಭಾವನ್ ಮನೆಗ್ ಕೂಗಳತೆ. ಡಾಕ್ಟ್ರು ಇಲ್ಲೇ ಅವ್ರೆ. ಆದ್ರೂ ಹೋಗಿಲ್ಲ! ಹಿಂಗಿರೋರ್ನ ಮನೆಯವ್ರು ಎಳ್ಕೊಂಡ್ ಹೋಗ್ಬೋದು ಅಂತ ಒಂದು ಕಲಂ ಸೇರ್ಸ್ಲಿ, ಮಸೂದೆಗೆ ನನ್ನ ಒಪ್ಪಿಗೆ ಐತೆ.’

ಸಭೆ ಬಿದ್ದು ಬಿದ್ದು ನಕ್ಕಿತು. ಹೆಂಗಸರೆಲ್ಲ ಕೈ ಎತ್ತಿ ತಿದ್ದುಪಡಿಯನ್ನು ಅಂಗೀಕರಿಸಿದರು. ಅಧ್ಯಕ್ಷೆ ಮೈಕ್ ತೆಗೆದುಕೊಂಡು ‘ಸರ್, ನಡೀರಿ, ಕ್ಲಿನಿಕ್ ಬೀಗ ತೆಗೀತೀನಿ’ ಎಂದಳು.

ಹಿಂದಕ್ಕೆ ವಾಲುವ ಕುರ್ಚಿಯಲ್ಲಿ ನಾನು ಮಲಗಿದ್ದೆ. ಇಂಜೆಕ್ಷನ್ ಕೊಟ್ಟದ್ದು ಇರುವೆ ಕಚ್ಚಿದಷ್ಟೂ ನೋಯಲಿಲ್ಲ. ಇಷ್ಟಕ್ಕೇ ಮೂರು ದಿನ ಒದ್ದಾಡಿದೆನಲ್ಲ ಎಂದು ನಾಚಿಕೆಯಾಯಿತು. ಹಲ್ಲು ಹೊರಬಂತು. ಬಾಯಿಗೆ ಹತ್ತಿ ತುರುಕಿದರು. ನನ್ನ ತಲೆಯ ಮೇಲೆ ಶ್ವೇತಾ, ಜೊತೆಗೇ ಬಂದಿದ್ದ ಗಿರಿಜಾ, ರುದ್ರೇಶ ಮೂವರೂ ಮಸೂದೆಯ ಚರ್ಚೆ ಮುಂದುವರಿಸಿದರು. ರುದ್ರೇಶ ಈಗ ಮಸೂದೆಗೆ ನನಗಿಂತ ದೊಡ್ಡ ವಕೀಲ. ಅವನ ಅಂಶಗಳಲ್ಲಿ ಅರ್ಧ ತಪ್ಪಾಗಿದ್ದವು. ತಿದ್ದಲು ನಾನು ‘ಊಂ ಊಂ’ ಎಂದರೆ ‘ಭಾವಾನೂ ಒಪ್ತಾವ್ರೆ’ ಎನ್ನುತ್ತಿದ್ದ.

ಕೊನೆಗೆ ಶ್ವೇತಾ ಕನ್ನಡಿ ಹಿಡಿದು, ‘ಪಕ್ಕದ ಹಲ್ಲಲ್ಲೂ ಸಣ್ಣ ಹುಳುಕಿದೆ ಸರ್. ಮುಂದಿನ ಭಾನುವಾರ ಬಂದ್ಬಿಡಿ’ ಎಂದಳು. ನಾನು ಹತ್ತಿ ಪಕ್ಕಕ್ಕೆ ಸರಿಸಿ, ಕಷ್ಟಪಟ್ಟು, ‘ಅದಿನ್ನೂ ನೋಯ್ತಿಲ್ಲ, ನೋಡೋಣ’ ಎಂದೆ. ರುದ್ರೇಶ ಜೇಬಿನಿಂದ ನನ್ನ ಹಾಳೆಗಳನ್ನು ತೆಗೆದು, ಗಂಟಲು ಸರಿಮಾಡಿಕೊಂಡು, ಎರಡನೇ ಪುಟ ಓದಿದ: ‘ಕಾಯಿಲೆ ಸಣ್ಣದಿರುವಾಗಲೇ, ಅಂಜದೆ, ನಾಳೆಗೆ ತಳ್ಳದೆ, ನಗುನಗುತ್ತಾ ಡಾಕ್ಟರ ಬಳಿಗೆ ಹೋಗುವ ನಾಗರಿಕನೇ ದೇಶದ ನಿಜವಾದ ಸಂಪತ್ತು.’

ಗಿರಿಜಾ ಚಪ್ಪಾಳೆ ತಟ್ಟಿದಳು. ನಾನು ಅಷ್ಟು ಚೆನ್ನಾಗಿ ಬರೆಯಬಾರದಿತ್ತು.