ಹಸೆಮಣೆಗೊಂದು ಜಪಾನಿ ಹಾಡು

ಯಾರಿಗೆ ಯಾವ ಹಾಡು ಹೊಂದುತ್ತದೆ ಎಂದು ಹೇಳುವುದು ಎಲ್ಲರ ಕೈಲಾಗುವ ಕೆಲಸವಲ್ಲ. ನನ್ನ ಕೈಲಾಗುತ್ತದೆ. ಇದನ್ನು ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ, ನನಗೇನೂ ಬೇಜಾರಿಲ್ಲ. ಎಂಬತ್ತರ ದಶಕ ಶುರುವಾದ ಆ ಕಾಲದಲ್ಲಿ ಮಧುಗಿರಿಯಿಂದ ಕೊರಟಗೆರೆಯವರೆಗೆ ಜಪಾನಿನ ಹಾಡುಗಳ ವಿಷಯದಲ್ಲಿ ಸಲಹೆ ಕೊಡಬಲ್ಲವನು ನಾನೊಬ್ಬನೇ ಇದ್ದೆ. ಸಲಹೆ ಕೇಳುವವರು ಇದ್ದರೇ ಎಂದು ನೀವು ಕೇಳಬಹುದು. ಕೇಳದಿದ್ದವರಿಗೂ ಕೊಡುತ್ತಿದ್ದೆ.

ನಾನು ಮಧುಗಿರಿಯ ರೇಷ್ಮೆ ಕಚೇರಿಯಲ್ಲಿ ಗುಮಾಸ್ತ. ನಮ್ಮ ಸಾಹೇಬರು ಹುಳು ಸಾಕುವ ತರಬೇತಿಗೆಂದು ಜಪಾನಿಗೆ ಹೋಗಿ ಬಂದವರು. ವರ್ಗವಾಗಿ ಹೊರಟಾಗ ತಮ್ಮ ಹಳೆಯ ಟೇಪ್ ರೆಕಾರ್ಡರನ್ನೂ ಅದರೊಳಗೇ ಉಳಿದಿದ್ದ ಒಂದು ಕ್ಯಾಸೆಟ್ಟನ್ನೂ ನನ್ನ ಕೈಗಿಟ್ಟು, “ಅಲ್ಲಿಯ ಹುಡುಗರ ರಾಕ್ ತಂಡ ಕಣ್ರೀ, ಐದೂ ಆರಿಸಿದ ಹಾಡು” ಎಂದರು. ರಾಕ್ ಅಂದರೆ ಬಂಡೆ ಅಂತ ನನಗೆ ಗೊತ್ತಿತ್ತು. ಮಧುಗಿರಿ ಬೆಟ್ಟದಂಥ ಒಂದೇ ಬಂಡೆಯ ಬುಡದಲ್ಲಿ ಹುಟ್ಟಿ ಬೆಳೆದವನು ಅದಕ್ಕೆಲ್ಲ ಹೆದರುತ್ತಾನೆಯೇ? ಕಚೇರಿ ಮುಗಿಸಿ ಬಂದು, ಸುತ್ತಲಿನ ತೋಟಗಳ ಪಂಪ್‌ಸೆಟ್ಟುಗಳೆಲ್ಲ ಶುರುವಾಗಿ ನಮ್ಮ ಮನೆಯ ಬಲ್ಬು ಬೀಡಿಯ ತುದಿಯಷ್ಟೇ ಕೆಂಪಗೆ ಉರಿಯುತ್ತಿರುವಾಗ, ಕಾಫಿ ಲೋಟ ಹಿಡಿದು ಕೇಳಲು ಕೂರುತ್ತಿದ್ದೆ. ಭಾನುವಾರ ಹಗಲು ಕೇಳೋಣವೆಂದರೆ ಕರೆಂಟೇ ಇರುತ್ತಿರಲಿಲ್ಲ. ಹೋಲಿಸಿ ನೋಡಲು ಬೇರೆ ಕ್ಯಾಸೆಟ್ಟೂ ಮನೆಯಲ್ಲಿರಲಿಲ್ಲ.

ಎಂಥ ಹಾಡುಗಳು ಅಂತೀರಿ! ಹಾಡುವವನ ದನಿ ಬಾವಿಯ ತಳದಿಂದ ಏಳುತ್ತಿತ್ತು. ಅವನು ಒಂದು ಮಾತು ಹೇಳಿ ಇನ್ನೊಂದಕ್ಕೆ ಬರುವಷ್ಟರಲ್ಲಿ ನನ್ನ ಹೆಂಡತಿ ಶಾಂತಾ ಒಂದು ಸೌತೆಕಾಯಿ ಹೆಚ್ಚಿ ಮುಗಿಸುತ್ತಿದ್ದಳು. ಮಾತು ಅರ್ಥವಾಗದಿದ್ದರೇನು, ಭಾವ ಅರ್ಥವಾಗುತ್ತದಲ್ಲ. ಮೊದಲನೆಯದು ಎಣ್ಣೆಸ್ನಾನ ಮಾಡಿದ ದಿನಕ್ಕೆ. ಎರಡನೆಯದು ಸಾಹೇಬರ ಹತ್ತಿರ ಬೈಸಿಕೊಂಡು ಬಂದವರಿಗೆ. ಐದನೆಯದನ್ನು ಎದ್ದು ಹೋಗದ ನೆಂಟರ ಮುಂದೆ ಹಾಕಬೇಕು. ಆದರೆ ಮೂರನೆಯದು ಕೇಳಿದರೆ ಕಲ್ಲೂ ಕರಗುತ್ತಿತ್ತು.

ಕರಗಿದ್ದು ನಮ್ಮ ಅತ್ತೆ. ಶಿರಾ ಹತ್ತಿರದ ತಾವರೆಕೆರೆಯಿಂದ ಮಗಳನ್ನು ನೋಡಲು ಬಂದವರು ಆ ಹಾಡು ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡರು. “ಯಾವ ತಾಯಿ ಹೆತ್ತ ಮಗನೋ, ಪಾಪ, ಎಷ್ಟು ನೊಂದವ್ನೆ!” ಅವರ ಕಿರಿಯ ಮಗಳ ಮದುವೆ ಹತ್ತಿರ ಬಂದಿತ್ತು. ಆ ಮನೆಯಲ್ಲಿ ಹೆಣ್ಣುಗಂಡನ್ನು ಹಸೆಮಣೆಗೆ ಕರೆಯುವಾಗ ಅತ್ತೆಯ ಅಕ್ಕ ಹಾಡುವುದು ವಾಡಿಕೆ. ಆ ದೊಡ್ಡಮ್ಮ ಹಿಂದಿನ ವರ್ಷ ತೀರಿಕೊಂಡಿದ್ದರು. “ನಮ್ಮಕ್ಕನ ದನೀನೂ ಹಿಂಗೇ ಎಳೀತಿತ್ತು. ನನ್ನ ಕಡೇ ಮಗಳು ಹಸೆಗೆ ಕೂರೋವಾಗ ಮನೆ ಮೂಕಾಗಬಾರ್ದು ಅಳಿಯಂದ್ರೇ. ಇದನ್ನೇ ಹಾಕಿಸ್ತೀರಾ?” ಎಂದು ಕೇಳಿದರು. ಕಣ್ಣಲ್ಲಿ ಇನ್ನೂ ನೀರಿತ್ತು. “ಅದು ನನಗೆ ಬಿಡಿ” ಎಂದೆ.

ಇದರಲ್ಲಿ ನನ್ನ ಸ್ವಾರ್ಥವೇ ಇರಲಿಲ್ಲ ಎನ್ನಲಾರೆ. ನನ್ನ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಪಾವಗಡದಲ್ಲಿ ಕಡಲೆಕಾಯಿ ವ್ಯಾಪಾರಿ. ಮಾವನ ಮನೆಯಲ್ಲಿ ಅವನದೇ ದರ್ಬಾರು. ಸಾರಿನ ಉಪ್ಪಿನಿಂದ ಹಿಡಿದು ಚಪ್ಪರದ ಕಂಬದವರೆಗೆ ಅವನನ್ನು ಕೇಳದೆ ಏನೂ ನಡೆಯುತ್ತಿರಲಿಲ್ಲ. ನನ್ನನ್ನು ಕೇಳುತ್ತಿದ್ದುದು ಒಂದೇ: “ಊಟ ಆಯ್ತಾ?” ವಿಷಯ ತಿಳಿದ ಷಡ್ಡಕ, “ಏಮಯ್ಯಾ, ಮದುವೆ ಮನೇಲಿ ಜಪಾನಿನೋನ ಅಳು ಹಾಕ್ತೀಯಂತೆ?” ಎಂದು ನಕ್ಕ. ರಸಿಕತೆಯನ್ನು ತಕ್ಕಡಿಯಲ್ಲಿ ತೂಗುವವನ ಹತ್ತಿರ ಏನು ಮಾತು?

ಮದುವೆಗೆ ಶಿರಾದಿಂದ ಮೈಕ್‌ಸೆಟ್ ಸಾಬರು ಬಂದರು. ಬೇವಿನ ಮರಕ್ಕೆ ಹಾರ್ನು ಕಟ್ಟಿ, ತಮ್ಮ ಟೇಪಿನ ವೈರನ್ನು ಜೊತೆಗೆ ತಂದಿದ್ದ ಲಾರಿ ಬ್ಯಾಟರಿಗೆ ಸಿಕ್ಕಿಸಿದರು. “ಫಿಕರ್ ಮಾಡ್ಬೇಡಿ ಸಾರ್, ಪೂರಾ ಚಾರ್ಜ್ ಆಗಿರೋ ಬ್ಯಾಟರಿ” ಎಂದರು. ಒಳ್ಳೆಯದೇ ಆಯಿತು ಎಂದುಕೊಂಡು, ಮೂರನೆಯ ಹಾಡಿಗೆ ತಿರುಗಿಸಿಟ್ಟಿದ್ದ ಕ್ಯಾಸೆಟ್ಟನ್ನು ಅವರ ಕೈಗಿಟ್ಟೆ. ಹಸೆಮಣೆ ಸಿದ್ಧವಾಯಿತು. ಅತ್ತೆ ಆರತಿ ತಟ್ಟೆ ಹಿಡಿದು ನನ್ನ ಕಡೆ ನೋಡಿದರು. ನಾನು ಗಂಭೀರವಾಗಿ ಕೈ ಎತ್ತಿದೆ. ಸಾಬರು ಗುಂಡಿ ಒತ್ತಿದರು.

ಅಯ್ಯಯ್ಯೋ! ತಗಡಿನ ಮೇಲೆ ಕಲ್ಲು ಸುರಿದ ಹಾಗೆ ಡ್ರಮ್ಮು ಶುರುವಾಯಿತು. ನನ್ನ ನೊಂದ ಗಾಯಕ ಬೆನ್ನಿಗೆ ಬೆಂಕಿ ಬಿದ್ದವನಂತೆ ಕಿರುಚತೊಡಗಿದ. ಬೇವಿನ ಮರದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಹೆಣ್ಣು ಬೆಚ್ಚಿ ಗಂಡಿನ ತೋಳು ಹಿಡಿದುಕೊಂಡಳು. “ಯಾವ ಕ್ಯಾಸೆಟ್ ಹಾಕಿದಿರಿ?” ಎಂದು ನಾನು ಕೂಗಿದರೆ, “ನಿಮ್ದೇ ಸಾರ್!” ಎಂದು ಸಾಬರು ಕೂಗಿದರು. ನನಗೆ ಆಗ ಹೊಳೆಯಿತು. ಹಾಡು ಇರುವುದೇ ಹೀಗೆ. ಮಧುಗಿರಿಯಲ್ಲಿ ನಾನು ಇಷ್ಟು ದಿನ ಕೇಳಿದ್ದು ನಮ್ಮೂರಿನ ಕಡಿಮೆ ವೋಲ್ಟೇಜು ಟೇಪನ್ನು ನಿಧಾನವಾಗಿ ತಿರುಗಿಸಿ ಹಾಡಿಸಿದ ಹಾಡು.

ಮಾವನ ಮುಖ ನೋಡುವ ಧೈರ್ಯವಾಗಲಿಲ್ಲ. ಷಡ್ಡಕ ಮೀಸೆಯಡಿ ನಗುತ್ತಿದ್ದ. ನಿಲ್ಲಿಸಲು ಓಡುವಷ್ಟರಲ್ಲಿ ವಾಲಗದ ಡೋಲಿನವನು ತಲೆ ಅಲ್ಲಾಡಿಸಿ, ಎರಡೇಟು ನೋಡಿ, ಆ ಡ್ರಮ್ಮಿಗೆ ಸರಿಯಾಗಿ ಬಾರಿಸತೊಡಗಿದ. ಗಂಡಿನ ಕಡೆಯ ಹುಡುಗರು ಕುಣಿಯುತ್ತ ಚಪ್ಪರಕ್ಕೆ ನುಗ್ಗಿದರು. ಬೆಚ್ಚಿದ್ದ ಹೆಣ್ಣು ಬಾಸಿಂಗ ಅಲುಗುವ ಹಾಗೆ ನಕ್ಕುಬಿಟ್ಟಳು. ಅತ್ತೆ ಮಗಳ ಮುಖವನ್ನೇ ನೋಡುತ್ತ ನಿಂತಿದ್ದವರು ಆರತಿ ಎತ್ತಿದರು. ಆಮೇಲೆ ನನ್ನ ಹತ್ತಿರ ಬಂದು, “ಅವತ್ತು ಅಳ್ತಿದ್ದ, ಇವತ್ತು ಖುಷಿಯಾಗವ್ನೆ ಬುಡಿ. ಮದುವೆಮನೆ ಅಂತ ಅವ್ನಿಗೂ ಗೊತ್ತಾಗೈತೆ” ಎಂದರು. ಅಷ್ಟು ಸಾಕಾಗಿತ್ತು ನನಗೆ. ಊಟದ ಪಂಕ್ತಿಯಲ್ಲಿ ಷಡ್ಡಕನೇ ಪಕ್ಕ ಬಂದು ಕೂತು, “ಮಿಕ್ಕ ನಾಲ್ಕು ಹಾಡು ಹೆಂಗವಯ್ಯಾ?” ಎಂದು ಕೇಳಿದ. ನಾನು ಹೋಳಿಗೆ ಮುರಿಯುತ್ತ ಸವಿಸ್ತಾರವಾಗಿ ಹೇಳಿದೆ.

ಮಧುಗಿರಿಗೆ ಮರಳಿದ ಸಂಜೆ, ಬಲ್ಬು ಮತ್ತೆ ಕೆಂಪಗಾದಾಗ, ಶಾಂತಾಗೆ ನನ್ನ ಹೊಸ ಸಿದ್ಧಾಂತ ವಿವರಿಸಿದೆ. ಹಾಡಿನ ಆಳ ತಿಳಿಯುವುದು ಕಡಿಮೆ ಕರೆಂಟಿನಲ್ಲೇ, ಪೂರಾ ಕರೆಂಟಿನಲ್ಲಿ ಬರೀ ಗದ್ದಲ ಎಂದೆ. ಅವಳು ಹುರುಳಿಕಾಯಿ ನಾರು ತೆಗೆಯುತ್ತ ಕೇಳಿಸಿಕೊಂಡಳು.

“ಹೂಂ, ನಿಜ ಕಣ್ರೀ. ನೀವು ನನ್ನ ನೋಡೋಕೆ ಬಂದ ಸಾಯಂಕಾಲಾನೂ ನಮ್ಮನೆ ಬಲ್ಬು ಹಿಂಗೇ ಉರೀತಿತ್ತು. ಎಷ್ಟು ಗಂಭೀರ, ಎಷ್ಟು ಕಮ್ಮಿ ಮಾತಿನ ಹುಡುಗ ಅಂತ ಅವ್ವ ಒಪ್ಕೊಂಡ್ಬುಟ್ಳು.”

ನಾನು ಎದ್ದು ಮೂರನೆಯ ಹಾಡು ಹಾಕಿದೆ. ನನ್ನ ಪುಣ್ಯಕ್ಕೆ ಪಂಪ್‌ಸೆಟ್ಟುಗಳು ಇನ್ನೂ ಓಡುತ್ತಿದ್ದವು.