ನಾಲ್ಕು ಕಾಲಿನ ಸಂಶಯದ ಬಾಕಿ

ಆ ದಿನ ವಿಶೇಷವೇನೂ ನಡೆಯಲಿಲ್ಲ. ಡಿಸೆಂಬರ್ ತಿಂಗಳ ಒಂದು ಸಂಜೆ. ಹುಣಸೂರಿನ ಮಿಕ್ಕವರಿಗೆ ಅದು ಹೊಗೆಸೊಪ್ಪು ಮಾರುವ, ಕಂಬಳಿ ಹೊದೆಯುವ ತಿಂಗಳು. ಬ್ಯಾಂಕಿನವರಾದ ನಮಗೆ, ಆಗಿನ ಪದ್ಧತಿಯಂತೆ, ವರ್ಷದ ಲೆಕ್ಕ ಮುಗಿಸುವ ತಿಂಗಳು. ನಾನು ನಡುಮನೆಯ ಚಾಪೆಯ ಮೇಲೆ ಕುಳಿತು, ಕಾಫಿ ಕುಡಿಯುತ್ತಾ, ಸಂಶಯದ ಬಾಕಿ ಎಂದರೇನು ಎಂದು ನನ್ನ ಹೆಂಡತಿ ಜಯಮ್ಮನಿಗೆ ವಿವರಿಸುತ್ತಿದ್ದೆ. ಅವಳೇನೂ ಕೇಳಿರಲಿಲ್ಲ. ಕೇಳದವರಿಗೆ ವಿವರಿಸುವುದು ಲೆಕ್ಕ ಬರೆಯುವವರ ಚಟ. ಕೆಲವರು ಸಂಜೆ ಇಸ್ಪೀಟು ಆಡುತ್ತಾರೆ, ನಾನು ಲೆಕ್ಕದ ನಿಯಮ ಹೇಳುತ್ತೇನೆ. ಇಸ್ಪೀಟಿನವರ ಹೆಂಡತಿಯರೇ ಪುಣ್ಯವಂತರು ಎಂದು ಜಯಮ್ಮ ಒಮ್ಮೆ ಹೇಳಿದ್ದುಂಟು.

ನಮ್ಮದು ಜಿಲ್ಲೆಯೊಳಗೇ ಓಡಾಡಿಕೊಂಡಿರುವ ಸಣ್ಣ ಬ್ಯಾಂಕು. ಹುಣಸೂರಿನ ಶಾಖೆಯಲ್ಲಿ ಲೆಕ್ಕದ ಗುಮಾಸ್ತ ನಾನು. ವರ್ಷದ ಕೊನೆಗೆ ಕೊಟ್ಟ ಸಾಲಗಳನ್ನೆಲ್ಲ ಮೂರು ಭಾಗ ಮಾಡಬೇಕು: ಬರುವಂಥವು, ಬರುವುದು ಸಂಶಯವಾದವು, ಬಾರದವು. ಕೊನೆಯ ಎರಡಕ್ಕೆ ತಕ್ಕಷ್ಟು ಹಣವನ್ನು, ಲಾಭ ಎಷ್ಟೆಂದು ಬರೆಯುವ ಮೊದಲೇ, ತೆಗೆದು ಪಕ್ಕಕ್ಕಿಡಬೇಕು. ಎಷ್ಟು ತೆಗೆದಿಟ್ಟೆವೆಂದು ಹೊರಗಿನವರಿಗೆ ಹೇಳುವುದಿಲ್ಲ. ಅದೂ ನಿಯಮವೇ. ಊರಿನವರಿಗೆ ಕಾಣುವುದು ಎಲ್ಲ ಕಳೆದು ಉಳಿದ ಲಾಭ ಮಾತ್ರ. ನಮ್ಮ ಮ್ಯಾನೇಜರ್ ರಾಯರು ಮೈಸೂರಿನವರು, ಆದರೆ ಹುಣಸೂರಿಗೆ ಬಂದಮೇಲೆ ಹೊಗೆಸೊಪ್ಪಿನ ಭಾಷೆಯನ್ನು ಚೆನ್ನಾಗಿ ಕಲಿತಿದ್ದರು. "ಸೊಪ್ಪು ವಿಂಗಡಿಸಿದ ಹಾಗೆ ಕಣ್ರೀ. ಹೊಂಬಣ್ಣದ್ದು ಒಂದು ಕಡೆ, ಚುಕ್ಕೆ ಬಿದ್ದದ್ದು ಒಂದು ಕಡೆ. ಮನುಷ್ಯ ಒಳ್ಳೆಯವನು ಅಂತ ಚುಕ್ಕೆ ಸೊಪ್ಪನ್ನ ಹೊಂಬಣ್ಣದ ಜೊತೆ ಕಟ್ಟಬೇಡಿ" ಎನ್ನುತ್ತಿದ್ದರು. ನಾನು ಕಟ್ಟುತ್ತಿರಲಿಲ್ಲ. ಚುಕ್ಕೆ ಹುಡುಕುವುದರಲ್ಲಿ ನನಗೆ ಸ್ವಲ್ಪ ಹೆಸರೂ ಇತ್ತು.

ಇಷ್ಟನ್ನೂ ನಾನು ಹೇಳುತ್ತಿರುವಾಗಲೇ, ಪಕ್ಕದ ಮನೆಯ ನಿಂಗಮ್ಮ ಮತ್ತು ಅವರ ಗಂಡ ನಮ್ಮ ಶಾವಿಗೆ ಒರಳನ್ನು ಆಚೆ ಈಚೆ ಹಿಡಿದುಕೊಂಡು ಹಿತ್ತಿಲ ಬಾಗಿಲಿನಿಂದ ಹೊರಟರು. ಅದು ಜಯಮ್ಮನ ತವರಿನದು. ಚುಂಚನಕಟ್ಟೆಯಲ್ಲಿ ಅವಳ ತಂದೆ ಹಲಸಿನ ಮರದಲ್ಲಿ ಮಾಡಿಸಿದ್ದು. ನಾಲ್ಕು ಕಾಲು, ನಡುವೆ ಬೇಯಿಸಿದ ಅಕ್ಕಿ ಹಿಟ್ಟಿನ ಉಂಡೆ ಹಾಕುವ ಗುಂಡಿ, ಮೇಲೆ ಅದುಮುವುದಕ್ಕೆ ಒಂದು ಉದ್ದನೆಯ ಮರ. ಆ ಮರದ ತುದಿಯ ಮೇಲೆ ಯಾರಾದರೂ ಕೂರಬೇಕು. ಕೆಳಗೆ ತೂತಿನ ಬಿಲ್ಲೆಯಿಂದ ಶಾವಿಗೆ ಇಳಿಯುತ್ತದೆ. ನಮ್ಮ ಮನೆಯಲ್ಲಿ ಕೂರುವವನು ನಾನು. ನನ್ನ ತೂಕಕ್ಕೆ ಸಂಸಾರದಲ್ಲಿ ಸಿಕ್ಕ ಒಂದೇ ಉಪಯೋಗ ಅದು. ಬಿಲ್ಲೆಗಳು ಎರಡಿದ್ದವು, ಒಂದು ದಪ್ಪ ತೂತಿನದು, ಒಂದು ಸಣ್ಣ ತೂತಿನದು. ಜಯಮ್ಮನಿಗೆ ಸಣ್ಣದೇ ಆಗಬೇಕು. ದಪ್ಪ ಶಾವಿಗೆಯನ್ನು ಅವಳು ಹಗ್ಗ ಎನ್ನುತ್ತಿದ್ದಳು.

"ವಾಪಸ್ ಯಾವಾಗ ಕೊಡ್ತಾರೆ?" ಎಂದೆ.

"ಒತ್ತಿದ್ಮೇಲೆ."

"ಒತ್ತೋದು ಯಾವಾಗ?"

"ಅವರ್ಗೆ ತಿನ್ನಂಗಾದಾಗ. ನಿಮ್ಗೇನು ಈಗ್ಲೇ ಮರದ ಮ್ಯಾಲೆ ಕೂರ್ಬೇಕಾ?"

"ಹೋದ ಸಲ ದೀಪಾವಳಿಗೆ ಹೋದದ್ದು ಯುಗಾದಿಗೆ ಬಂತು. ಇದು ಸಂಶಯದ ಬಾಕಿ ಕಣೇ."

"ನಾನು ಕೊಡುವಾಗ್ಲೇ ಓಯ್ತು ಅಂದ್ಕಂಡು ಕೊಡ್ತೀನಿ. ಬಂದ್ರೆ, ಬಂದ್ ದಿನ ಖುಷಿ. ನಿಮ್ಮಂಗೆ ವರ್ಷೆಲ್ಲ ಕೂತ್ಕಂಡು ಅನುಮಾನ ಪಡಕೆ ನಂಗೆ ಪುರ್ಸೊತ್ತಿಲ್ಲ ಬುಡಿ."

ಇದನ್ನು ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಸಾಲ ಕೊಟ್ಟ ದಿನವೇ ಪೂರ್ತಿ ಸಾಲಕ್ಕೂ ಹಣ ತೆಗೆದಿಟ್ಟ ಹಾಗಾಯಿತು. ಯಾವ ಬ್ಯಾಂಕಾದರೂ ಹೀಗೆ ಮಾಡಿದರೆ ಬಾಗಿಲು ತೆರೆದ ದಿನವೇ ಮುಚ್ಚಬೇಕಾಗುತ್ತದೆ ಎಂದು ನಾನು ಅವಳಿಗೆ ಹೇಳಿದೆ. "ಅದ್ಕೇ ನಾನು ಬ್ಯಾಂಕ್ ಮಡಗಿಲ್ಲ" ಎಂದು ಲೋಟ ತೆಗೆದುಕೊಂಡು ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ಬೀದಿಯ ನಲ್ಲಿಯ ಹತ್ತಿರ ಜಯಮ್ಮ ಕುಸಿದು ಕುಳಿತಳು. ಮತ್ತೆ ಏಳಲಿಲ್ಲ. ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರ ವ್ಯಾನಿನಲ್ಲಿ ಮಲಗಿಸಿಕೊಂಡು ಮೈಸೂರಿನ ಆಸ್ಪತ್ರೆಗೆ ಹೊರಟೆವು. ಬಿಳಿಕೆರೆಯ ಹತ್ತಿರ ಡ್ರೈವರ್ ಒಮ್ಮೆ ಹಿಂದಕ್ಕೆ ತಿರುಗಿ ನೋಡಿ, ವ್ಯಾನಿನ ವೇಗ ಕಡಿಮೆ ಮಾಡಿದ. ಅವಸರ ಮುಗಿದಿತ್ತು.

ಆಮೇಲಿನ ವರ್ಷದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅನ್ನ ಮಾಡುವುದನ್ನು ಕಲಿತೆ. ಸಾರು ಮಾಡಲು ಕಲಿತೆನೆಂದು ನಾನು ಹೇಳುತ್ತೇನೆ, ತಿಂದವರು ಯಾರೂ ಸಾಕ್ಷಿ ಹೇಳಿಲ್ಲ. ದಾರಿಯಲ್ಲಿ ಸಿಕ್ಕವರು "ಹೇಗಿದ್ದೀರಿ?" ಎಂದರೆ "ಪರವಾಗಿಲ್ಲ" ಎನ್ನುತ್ತಿದ್ದೆ. ಅದು ಸುಳ್ಳಲ್ಲ. ಬ್ಯಾಂಕು ಲಾಭ ತೋರಿಸುವ ಕ್ರಮದಲ್ಲೇ ನಾನೂ ಹೇಳುತ್ತಿದ್ದೆ, ತೆಗೆದಿಡಬೇಕಾದ್ದನ್ನು ತೆಗೆದಿಟ್ಟು ಉಳಿದದ್ದನ್ನು. ಒಂದು ಬದಲಾವಣೆ ಮಾತ್ರ ನಾನು ಎಣಿಸಿರಲಿಲ್ಲ. ಹಿತ್ತಿಲ ಬಾಗಿಲು ತಟ್ಟಿ ಏನನ್ನಾದರೂ ಕೇಳುವವರು ನಿಂತುಹೋದರು. ಜರಡಿ ಬೇಡ, ಕೊಡೆ ಬೇಡ, ಕಾಫಿಪುಡಿಯೂ ಬೇಡ. ಕಡ ಕೊಟ್ಟು ಕಳೆದುಕೊಳ್ಳುವ ಭಯವೇ ಇಲ್ಲದ ಮನೆ ನನ್ನದಾಯಿತು. ಅಂಥ ಮನೆ ಬೇಕೆಂದು ನಾನೇ ಎಷ್ಟು ಸಲ ಹೇಳಿದ್ದೆನೋ.

ವರ್ಷ ತುಂಬುತ್ತಾ ಬಂದಾಗ ನಮ್ಮ ಅತ್ತೆ ಚುಂಚನಕಟ್ಟೆಯಿಂದ ಬಂದರು. ನಮ್ಮಲ್ಲಿ ವರ್ಷದ ದಿನ, ಹೋದವರಿಗೆ ಇಷ್ಟವಾದ ಅಡಿಗೆ ಮಾಡಿ ಎಲೆಯಲ್ಲಿ ಎಡೆ ಇಡುತ್ತೇವೆ. ಜಯಮ್ಮನಿಗೆ ಇಷ್ಟವಾದದ್ದು ಯಾವುದೆಂದು ಚರ್ಚೆ ಬೇಕಿರಲಿಲ್ಲ. ಶಾವಿಗೆ, ಕಾಯಿಹಾಲು.

"ಅಳಿಯಂದ್ರೆ, ಶಾವ್ಗೆ ಒಳ್ಳು ಎಲ್ಲಿ?" ಎಂದರು ಅತ್ತೆ.

"ಎಲ್ಲೋ ಇದೆ ಅತ್ತೆ. ಬೇರೆ ಯಾರ ಮನೆಯಿಂದಾದರೂ ತರೋಣ."

"ಅವ್ಳಪ್ಪ ಮಾಡ್ಸಿದ್ದು ಅದು. ಮಗೀಗೆ ಬ್ಯಾರೆಯೋರ್ ಒಳ್ಳಲ್ಲಿ ಒತ್ತಿ ಇಕ್ಕದಾ?" ಎಂದು ಅವರು ಎಲೆ ಅಡಿಕೆ ಚೀಲ ಬಿಚ್ಚಿದರು. ಅಲ್ಲಿಗೆ ಮಾತು ಮುಗಿಯಿತು.

ನಿಂಗಮ್ಮನನ್ನು ಕೇಳೋಣವೆಂದರೆ ಅವರು ಮಗಳ ಊರಿಗೆ ಹೋಗಿದ್ದರು. ಅವರ ಗಂಡನಿಗೆ ಒರಳು ಹೊತ್ತ ನೆನಪಿತ್ತೇ ಹೊರತು ಆಮೇಲಿನದು ತಿಳಿಯದು. ನಾನು ಬೀದಿಯ ಮನೆಗಳಿಗೆ ವಸೂಲಿಗೆ ಹೊರಟೆ. ಬ್ಯಾಂಕಿನ ಪರವಾಗಿ ಎಷ್ಟೋ ಬಾಗಿಲು ತಟ್ಟಿದವನು ನಾನು, ಆದರೆ ಇಂಥ ವಸೂಲಿಯನ್ನು ಕಂಡಿರಲಿಲ್ಲ. ಪ್ರತಿ ಮನೆಯಲ್ಲೂ ಕೂರಿಸಿದರು, ಕಾಫಿ ಕೊಟ್ಟರು, ಜಯಮ್ಮನ ಒಂದೊಂದು ಮಾತು ನೆನೆದರು. ಒರಳು ಮಾತ್ರ ಇರಲಿಲ್ಲ. ಬದಲಿಗೆ ನಾನು ಕೇಳದೆ ಇದ್ದ ವಸ್ತುಗಳು ಹೊರಬಂದವು. ಒಬ್ಬರು ಹಿತ್ತಾಳೆ ಜರಡಿ ತಂದುಕೊಟ್ಟರು. ಒಬ್ಬರು ನನ್ನದೇ ಕೊಡೆ ಕೊಟ್ಟರು. ಅದನ್ನು ಬಸ್ಸಿನಲ್ಲಿ ಮರೆತೆನೆಂದು ನಾನು ಎರಡು ಮಳೆಗಾಲ ಕೊರಗಿದ್ದೆ. ದರ್ಜಿಯ ಮನೆಯವರು ನಮ್ಮ ಇಡ್ಲಿ ಪಾತ್ರೆಯನ್ನು ತೊಳೆದು ಒರೆಸಿ ಕೈಗಿಟ್ಟು, "ಯಾವಾಗ ತರಬೇಕೋ ಗೊತ್ತಾಗಲಿಲ್ಲ ಸಾರ್" ಎಂದರು. ಯಾವ ಪಟ್ಟಿಯಲ್ಲೂ ಇಲ್ಲದ ಬಾಕಿಗಳನ್ನು ಎದೆಗವಚಿಕೊಂಡು ಮನೆಗೆ ಬಂದಾಗ ಅತ್ತೆ ನೋಡಿ, "ಸಂತೆಗೋಗಿದ್ರಾ?" ಎಂದರು.

ಎರಡು ದಿನ ಬಿಟ್ಟು ಬಂದ ನಿಂಗಮ್ಮ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. "ಅಣ್ಣ, ಅದು ನಮ್ತಾವ ಒಂದಿನವೂ ಇರ್ನಿಲ್ಲ. ಬಿಳಿಕೆರೆ ನನ್ ತಂಗಿ ಮನೇಲಿ ಮಗ ಹುಟ್ಟಿದ್ದ, ನೆಂಟ್ರು ಬತ್ತಾರೆ ಅಂತ ಅವತ್ ಸಂಜೇನೇ ನಾನೇ ಬಸ್ಸಿಗೆ ಏರುಸ್ದೆ. ಜಯಕ್ಕಂಗೂ ಗೊತ್ತಿತ್ತು ಕಣಣ್ಣ. ತಂಗಿ ಗಂಡ ಬೋರೇಗೌಡ, ಸೈಕಲ್ ಸಾಪಿನೋನು. ನಿಮ್ಗೆ ಗೊತ್ತಲ್ಲ."

ಗೊತ್ತಿತ್ತು. ಬೋರೇಗೌಡ ಬಾಡಿಗೆಗೆ ಕೊಡುವ ಸೈಕಲ್ ಕೊಳ್ಳಲು ನಮ್ಮಲ್ಲಿ ಸಾಲ ಮಾಡಿದ್ದ. ಆ ವರ್ಷದ ಪಟ್ಟಿಯಲ್ಲಿ ನಾನು ಅವನನ್ನು ಸಂಶಯದ ಸಾಲಿಗೆ ಹಾಕಿದ್ದೆ. ಹಿಂದಿನ ವಾರವಷ್ಟೇ ರಾಯರು ಅದರ ಮೇಲೆ ಬೆರಳಿಟ್ಟು ಕೇಳಿದ್ದರು. "ಅಂಗಡಿ ನೋಡಿ ಬಂದ್ರಾ?"

"ಇಲ್ಲ ಸಾರ್. ವರ್ಷದಿಂದ ಕಂತು ಬಂದಿಲ್ಲ."

"ಕಂತು ಬಂದಿಲ್ವೋ, ನೀವು ಹೋಗಿಲ್ವೋ?"

ಬಿಳಿಕೆರೆಯ ಕಂತುಗಳನ್ನು ತಿಂಗಳಿಗೊಮ್ಮೆ ಹೋಗಿ ತರುವ ಕೆಲಸ ನನ್ನದೇ. ಆ ವರ್ಷ ಮೈಸೂರಿಗೆ ಹೋಗುವಾಗ ಬಿಳಿಕೆರೆ ಬಂದರೆ ನಾನು ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದೆ, ಇಳಿಯುತ್ತಿರಲಿಲ್ಲ. ರಾಯರಿಗೆ ಅದು ತಿಳಿದಿತ್ತೆಂದು ಕಾಣುತ್ತದೆ. ಪಟ್ಟಿಯಿಂದ ಕಣ್ಣೆತ್ತದೆ, "ನೋಡದೆ ಚುಕ್ಕೆ ಹಾಕಬೇಡಿ. ಆದಾಗ ಹೋಗಿ ಬನ್ನಿ" ಎಂದಿದ್ದರು.

ಈಗ ಹೋಗಲೇಬೇಕಾಯಿತು. ಬಿಳಿಕೆರೆಯಲ್ಲಿ ಇಳಿದು ಸ್ವಲ್ಪ ಹೊತ್ತು ರಸ್ತೆಯ ಪಕ್ಕ ನಿಂತೆ. ಅದು ಸಾಧಾರಣ ರಸ್ತೆಯೇ. ಲಾರಿಗಳು ಹೋದವು, ಒಬ್ಬ ಎಮ್ಮೆ ಹೊಡೆದುಕೊಂಡು ಹೋದ. ಬೋರೇಗೌಡ ಅಂಗಡಿಯ ಮುಂದೆ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದವನು ನನ್ನನ್ನು ಕಂಡು ಪಂಪು ಬಿಟ್ಟು ಎದ್ದ. "ಬನ್ನಿ ಸೋಮಿ. ಕಂತಿನ ದುಡ್ಡೆಲ್ಲ ಡಬ್ಬದಲ್ಲಿ ಮಡಗಿವ್ನಿ."

"ಹುಣಸೂರಿಗೆ ಬಂದು ಕಟ್ಟಬಹುದಿತ್ತಲ್ಲ ಗೌಡರೆ?"

ಅವನು ಕೈಯನ್ನು ಬಟ್ಟೆಗೆ ಒರೆಸಿದ, ಮತ್ತೆ ಒರೆಸಿದ. ಉತ್ತರ ಹೇಳಿದ್ದು ಒಳಗಿನಿಂದ ಬಂದ ಅವನ ಹೆಂಡತಿ ಲಕ್ಕಮ್ಮ. "ಹುಣಸೂರಿಗೆ ಬಂದ್ರೆ ಒಳ್ಳೂ ತರ್ಬೇಕು ಅಲ್ವಾ ಅಣ್ಣ? ನಾವಿಲ್ಲಿ ಕೂಸಿನ್ ಹೆಸ್ರಲ್ಲಿ ಶಾವ್ಗೆ ಒತ್ಕಂಡು ತಿಂತಿದ್ದೋ, ಅದೇ ದಿನ ಆ ಸುದ್ದಿ ಬಂತು. ಆಮ್ಯಾಕೆ ಅದ ತಂದು ಆ ಮನೇಲಿ ಯಾರ್ ಕೈಗೆ ಕೊಡದು?"

ಒರಳು ಅವರ ಜಗುಲಿಯ ಮೂಲೆಯಲ್ಲಿ, ಗೋಣಿ ಹೊದ್ದುಕೊಂಡು ನಿಂತಿತ್ತು. ನಾನು ಏನಾದರೂ ಮಾತಾಡಬೇಕಾಗಿತ್ತು. ಅಂಗಡಿಯಲ್ಲಿ ಸೈಕಲ್ ಕಡಿಮೆಯಾದಂತೆ ಕಾಣುತ್ತದಲ್ಲ ಎಂದೆ.

"ಎಲ್ಡು ಪಿರಿಯಾಪಟ್ಣಕ್ಕೆ ಓಗವೆ. ಮೂರ್ ತಿಂಗ್ಳಾಯ್ತು."

"ಅವು ಬರುವಂಥವೋ, ಸಂಶಯವೋ?"

"ಬತ್ತವೆ ಬುಡಿ" ಎಂದ ಬೋರೇಗೌಡ. "ಗಾಳಿ ಇರಕ್ಕಿಲ್ಲ, ಅಷ್ಟೆಯ."

ಒರಳನ್ನು ಬಸ್ಸಿನ ಮೇಲೆ ಹಾಕಿಸಿ ಊರಿಗೆ ತಂದೆ. ಕಂಡಕ್ಟರ್ ಏಣಿ ಹತ್ತಿ ನೋಡಿ, "ಕಾಲು ಮ್ಯಾಕೆ ಮಾಡ್ಕಂಡು ಮಲ್ಗದೆಯಲ್ಲ, ಇದ್ಕೆ ಫುಲ್ ಟಿಕೆಟ್ಟೋ ಆಫ್ ಟಿಕೆಟ್ಟೋ?" ಎಂದ. ಹೋಯಿತೆಂದು ತೀರ್ಮಾನಿಸಿದ ಸಾಲ ವಾಪಸಾದರೆ ಅದನ್ನು ಆ ವರ್ಷದ ಆದಾಯವೆಂದು ಬರೆಯಬೇಕೆಂಬುದು ನಮ್ಮ ನಿಯಮ. ದಾರಿಯುದ್ದಕ್ಕೂ ಅದನ್ನು ನೆನೆದುಕೊಂಡೆ. ಬ್ಯಾಂಕಿನಲ್ಲಿ ಡಬ್ಬದ ದುಡ್ಡು ಕಟ್ಟಿ, ಬೋರೇಗೌಡನ ಹೆಸರನ್ನು ಸಂಶಯದಿಂದ ತೆಗೆದು ಬರುವಂಥವುಗಳ ಜೊತೆ ಬರೆದೆ. ರಾಯರು ರುಜು ಹಾಕಿದರು.

ವರ್ಷದ ದಿನ ಅತ್ತೆ ಹಿಟ್ಟು ಬೇಯಿಸಿ ಉಂಡೆ ಕಟ್ಟಿದರು, ನಿಂಗಮ್ಮ ಕೆಳಗೆ ತಟ್ಟೆ ಹಿಡಿದರು, ನಾನು ಮರದ ತುದಿಯ ಮೇಲೆ ಕುಳಿತೆ. ಇಳಿದದ್ದು ದಪ್ಪ ಶಾವಿಗೆ. ಒರಳಿನಲ್ಲಿದ್ದದ್ದು ಒಂದೇ ಬಿಲ್ಲೆ. ಎರಡೂ ಕಳಿಸಿದ್ದೆನೆಂದು ನಿಂಗಮ್ಮ, ಒಂದೇ ಬಂದದ್ದೆಂದು ಆಮೇಲೆ ಕೇಳಿದಾಗ ಲಕ್ಕಮ್ಮ. ಅತ್ತೆ ಎಲೆಯ ಮೇಲೆ ಬಡಿಸಿ, ಕಾಯಿಹಾಲು ಸುರಿದು, "ಹಗ್ಗ ಅಂತಾಳೆ" ಎಂದರು. ನಾವು ಮೂವರೂ ನಕ್ಕೆವು. ಆಮೇಲೆ ಅತ್ತೆ ಎಲೆಗೆ ಇನ್ನೊಂದಿಷ್ಟು ಕಾಯಿಹಾಲು ಸುರಿದರು.

ಮುಂದಿನ ವಾರ ಯಾರೋ ಹಿತ್ತಿಲ ಬಾಗಿಲು ತಟ್ಟಿದರು. ದರ್ಜಿಯ ಮನೆಯವರು ಒರಳು ಕೇಳಲು ಬಂದಿದ್ದರು. ಆಚೆಯ ತುದಿಯನ್ನು ನಾನೇ ಹಿಡಿದು ಅವರ ಮನೆಯವರೆಗೆ ಹೊತ್ತು ಕೊಟ್ಟೆ. ವಾಪಸ್ ಯಾವಾಗ ಎಂದು ಕೇಳಲಿಲ್ಲ. ಈಗ ಅದು ಯಾರ ಮನೆಯಲ್ಲಿದೆಯೋ ತಿಳಿಯದು, ಬರುವಾಗ ಬರುತ್ತದೆ. ಸಣ್ಣ ತೂತಿನ ಬಿಲ್ಲೆ ಇನ್ನೂ ಸಿಕ್ಕಿಲ್ಲ.