ಕಾಕಿ ಎಬ್ಬಿಸಿದ ತೂಕದ ಮಷೀನು

ಕಂಪ್ಯೂಟರ್ ಏನು ಕೆಲಸ ಮಾಡುತ್ತದೆ ಎಂಬುದರಲ್ಲಿ ನಮ್ಮ ಕಾಕಿಗೆ ಕಿಂಚಿತ್ತೂ ಆಸಕ್ತಿಯಿಲ್ಲ. ಅವಳ ಅಕ್ಕರೆಯೆಲ್ಲ ಸ್ವಿಚ್ ಒತ್ತಿದ ಮೇಲಿನ ಮೊದಲ ಅರೆಗಳಿಗೆಯ ಮೇಲೆ. ಯಂತ್ರ ಪೂರ್ತಿ ಎಚ್ಚರಾಯಿತೋ, ಕಾಕಿಗೆ ಬೇಸರ. ಅದಕ್ಕೇ ನಮ್ಮ ಕಾಕಾ ಬೆಳಿಗ್ಗೆ ಬೇಗ ಏಳುವುದಿಲ್ಲ. ಏಳುವ ತನಕವಾದರೂ ಹೆಂಡತಿ ತನ್ನ ಕಡೆ ನೋಡಿಯಾಳು ಎಂಬ ಆಸೆ!

ಬಳ್ಳಾರಿಯಲ್ಲಿ ಕಂಪ್ಯೂಟರ್ ಪಾಠ ಹೇಳಿ ನಿವೃತ್ತಳಾದ ಕಾಕಿ ಪಾರ್ವತಿನಗರದ ಮನೆಯಲ್ಲಿ ಸುಮ್ಮನೆ ಇದ್ದಳು. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ನಡೆಸುವ ಅವಳ ತಮ್ಮ ಒಂದು ದಿನ ಫೋನ್ ಮಾಡಿ, ಚೀಲ ತೂಗುವ ಮಷೀನು ಕೆಟ್ಟಿದೆ, ಮಾಡಿದ ಕಂಪನಿಯೂ ಮುಚ್ಚಿದೆ, ಗುಜರಿಗೆ ಹಾಕುತ್ತೇನೆ ಅಂದ. ಅದರೊಳಗೆ ಪುಟ್ಟ ಕಂಪ್ಯೂಟರೊಂದು ಇದೆ ಎಂದು ತಿಳಿದದ್ದೇ ತಡ, ಹೊಸ ಭತ್ತ ಬರುವುದರೊಳಗೆ ಬೇರೆ ಪ್ರೋಗ್ರಾಂ ಬರೆದು ಅದನ್ನು ಎಬ್ಬಿಸುತ್ತೇನೆಂದು ಕಾಕಿ ಮಾತು ಕೊಟ್ಟಳು. ಹೊಸ ಮಷೀನು ಕೊಂಡರಾಗದೇ ಎಂದ ಕಾಕಾನಿಗೆ ಅವತ್ತು ಸಂಜೆ ಚಹಾ ಸಿಗಲಿಲ್ಲ.

ಭಾನುವಾರ ಬಂತೆಂದರೆ ಸಿರುಗುಪ್ಪದ ಬಸ್ಸು. ಬ್ಯಾಗು ಹೊರಲು ನಾನು. ನಾನು ಕನ್ನಡ ಮೇಷ್ಟ್ರು, ನನಗೆ ಇದೆಲ್ಲ ಯಾಕೆ ಹೇಳಿ? ಆದರೂ ಕಾಕಿ ಬಸ್ಸಿನ ಸದ್ದಿಗಿಂತ ಜೋರಾಗಿ ಪಾಠ ಮಾಡುತ್ತಿದ್ದಳು. ಯಂತ್ರ ಎದ್ದ ಕೂಡಲೇ ಕೆಲಸ ಹಿಡಿಯುವ ಮೂಲ ಪ್ರೋಗ್ರಾಮಿಗೆ ಕರ್ನಲ್ ಅನ್ನುತ್ತಾರೆ. ಪರದೆ, ಗುಂಡಿ, ಗಡಿಯಾರ, ಪ್ರತಿಯೊಂದಕ್ಕೂ ಮೆಮೊರಿಯಲ್ಲಿ ಒಂದು ವಿಳಾಸವಿದೆ. ಕರ್ನಲ್ ತನ್ನ ನಕ್ಷೆಯಲ್ಲಿ ಇಲ್ಲದ ವಿಳಾಸಕ್ಕೆ ಕೈ ಹಾಕಿದರೆ ಅಲ್ಲೇ ನಿಂತುಬಿಡುತ್ತದೆ. ಎದ್ದ ಹೊಸದರಲ್ಲಿ ಪೂರ್ತಿ ನಕ್ಷೆ ಬರೆಯುವ ಶಕ್ತಿ ಅದಕ್ಕಿನ್ನೂ ಬಂದಿರುವುದಿಲ್ಲ. ಹಾಗಾಗಿ ಮೊದಲೇ ಕಾದಿರಿಸಿದ ಕೆಲವೇ ಜಾಗಗಳಲ್ಲಿ ಬೇಕಾದ ಸಾಧನವನ್ನು ತಾತ್ಕಾಲಿಕವಾಗಿ ಜೋಡಿಸಿಕೊಳ್ಳಬೇಕು. ಆ ಬಸ್ಸಿನ ಕಂಡಕ್ಟರ್ ಈಗ ಪರೀಕ್ಷೆಗೆ ಕೂತರೆ ಪಾಸಾಗುತ್ತಾನೆ, ನನ್ನ ಮಾತು ಬೇರೆ.

ಪಾಠವೇನೋ ಸರಿ, ಮಷೀನು ಮಾತ್ರ ಏಳಲಿಲ್ಲ. ಸ್ವಿಚ್ ಹಾಕಿದರೆ ಪರದೆ ಕಪ್ಪಗೆ ಕೂತಿರುತ್ತಿತ್ತು. ಕಾಕಿಗೆ ಊಟ ಸೇರದಾಯಿತು. ಕುರುಗೋಡಿನಲ್ಲಿ ನೆಂಟರ ನಿಶ್ಚಿತಾರ್ಥಕ್ಕೆ ಹೋದಾಗಲೂ ಮಷೀನಿನ ಬೋರ್ಡನ್ನು ರೇಷ್ಮೆ ಸೀರೆಯ ನಡುವೆ ಸುತ್ತಿಕೊಂಡು ಬಂದು, ಲಾಡು ಬುಟ್ಟಿಗಳಿದ್ದ ಕೋಣೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಳು. ವೈರುಗಳನ್ನು ಕಂಡ ಹುಡುಗನ ತಾಯಿ ಯಾರೋ ರಿಪೇರಿಯವರೆಂದುಕೊಂಡು ಕೆಟ್ಟ ಮಿಕ್ಸಿಯನ್ನು ಮುಂದಿಟ್ಟರು. ಕಾಕಿ ಅದನ್ನು ತಿರುಗಿಸಿ ನೋಡಿ ಗಂಭೀರವಾಗಿ ಹೇಳಿದಳು:

"ಇದಕ್ಕ ಕರ್ನಲ್ ಇಲ್ರಿ. ನನಗ ಬರಂಗಿಲ್ಲ."

ತಪ್ಪು ಸಿಕ್ಕಿದ್ದೂ ಅಲ್ಲೇ. ಪರದೆಯನ್ನು ಜೋಡಿಸಿಕೊಳ್ಳುವ ಮುಂಚೆಯೇ ಅದರ ಮೇಲೆ ಬರೆಯಲು ಹೇಳಿದ್ದಳಂತೆ. ಎರಡು ಸಾಲು ಹಿಂದೆ ಮುಂದೆ ಆಗಿತ್ತು, ಅಷ್ಟೆ. ಉಂಗುರ ಬದಲಾಯಿಸುವುದನ್ನು ನೋಡದೆ ಕಾಕಿ ಸಾಲು ಬದಲಾಯಿಸಿದಳು.

ಮರುದಿನವೇ ಸಿರುಗುಪ್ಪಕ್ಕೆ ಹೋದೆವು. ಸ್ವಿಚ್ ಹಾಕಿದಾಗ ಪರದೆಯ ಮೇಲೆ ಒಂದು ಸೊನ್ನೆ ಮೂಡಿತು. ಇಷ್ಟು ತಿಂಗಳ ದುಡಿಮೆಗೆ ಸೊನ್ನೆ ಬಂತೆಂದು ಕಣ್ಣೊರೆಸಿಕೊಂಡು ಹಿಗ್ಗಿದವರನ್ನು ನಾನು ಬೇರೆ ಎಲ್ಲೂ ಕಂಡಿಲ್ಲ. ಕಾಕಿಯ ತಮ್ಮ ಎಲ್ಲರಿಗೂ ಮಿರ್ಚಿ ತರಿಸಿದ.

ನೀರು ಕುಡಿಯಲೆಂದು ಚೀಲಗಳ ಹಿಂದೆ ಹೋದವನು ಅಲ್ಲೇ ನಿಂತೆ. ಗೋಣಿತಟ್ಟಿನಡಿ ಹೊಚ್ಚ ಹೊಸ ತೂಕದ ಮಷೀನು! ಕಾಕಿಯ ತಮ್ಮ ಓಡಿ ಬಂದು ನನ್ನ ಕೈ ಹಿಡಿದ.

"ಅಕ್ಕಾಗ ಹೇಳಬ್ಯಾಡಪ. ತಂದು ಭಾಳ ದಿನ ಆತು. ಆಕಿ ಬರಾದು ನಿಂತ್ರ ನನಗ ಭಾನುವಾರ ಕಳೆಯಂಗಿಲ್ಲ."

ನಾನು ಹೇಳಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಕಾಕಿಯೇ ಕೇಳಿದಳು, ಚೀಲದ ಹಿಂದಿನದನ್ನು ನೋಡಿದೆಯಾ ಎಂದು.

"ನನಗ ಮೊದಲಿಂದ ಗೊತ್ತೈತಿ. ಅವ್ವ ಹೋದ ಮ್ಯಾಲೆ ನಾವಿಬ್ರೂ ಬರೇ ಮದುವಿ ಮನಿಯಾಗ ಮಾತಾಡತಿದ್ವಿ. ಈ ಮಷೀನು ಕೆಟ್ಟಿದ್ದು ಚಲೋ ಆತು."

ಈಗ ರಿಪೇರಿ ಆಯಿತಲ್ಲ, ಮುಂದಿನ ಭಾನುವಾರ ಏನು ಮಾಡುವುದು ಎಂದೆ. ಕಾಕಿ ದನಿ ತಗ್ಗಿಸಿದಳು. ಕರ್ನಲ್ ತಾತ್ಕಾಲಿಕವಾಗಿ ಹಿಡಿದ ಜಾಗವನ್ನು ಕೆಲಸ ಮುಗಿದ ಮೇಲೆ ಬಿಟ್ಟುಕೊಡಬೇಕು. ಗಡಿಯಾರಕ್ಕೆ ಹಿಡಿದ ಜಾಗವನ್ನು ಮಾತ್ರ ಅವಳು ಬೇಕೆಂದೇ ಬಿಡಿಸಿಲ್ಲ. ತೂಕಕ್ಕೇನೂ ತೊಂದರೆಯಿಲ್ಲ, ಆದರೆ ಆರಿಸಿ ಮತ್ತೆ ಹಾಕಿದರೆ ಪರದೆಯ ಮೇಲೆ ಒಂದು ಎಚ್ಚರಿಕೆ ಬರುತ್ತದೆ.

ಬಸ್ಸು ಬಳ್ಳಾರಿ ಮುಟ್ಟುವ ಮೊದಲೇ ಅವಳ ಫೋನು ಬಡಿದುಕೊಂಡಿತು, ತಮ್ಮನದೇ. ಕಾಕಿ ಸೆರಗಿನಿಂದ ಮುಖ ಒರೆಸಿಕೊಂಡು, ದನಿಯನ್ನು ಒರಟು ಮಾಡಿಕೊಂಡು, "ಮತ್ತೇನಾತಲೇ?" ಅಂದಳು.